ಬೆನ್ನಪ್ಪನ ಮುಖ

ಊರಿನಲ್ಲಿ ಸಿನಿಮಾ ನೋಡುವವರೆಲ್ಲ ಬೆನ್ನಪ್ಪನ ಬೆನ್ನನ್ನು ನೋಡಿದ್ದರು. ತೆರೆಯ ಮೇಲೆ ಮುಖ ನೋಡಿದವರು ಮಾತ್ರ ಯಾರೂ ಇರಲಿಲ್ಲ. ನಾಯಕ ಮಹಡಿಯಿಂದ ಹಾರುವಾಗ, ಗಾಜು ಒಡೆದುಕೊಂಡು ಬೀಳುವಾಗ, ಓಡುವ ಲಾರಿಯಿಂದ ಉರುಳುವಾಗ ತೆರೆಯ ಮೇಲೆ ಇರುತ್ತಿದ್ದವನು ಇವನೇ. ಅದಕ್ಕೇ ಸ್ಟುಡಿಯೊದವರು ಈ ಹೆಸರಿಟ್ಟಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಅವನ ಅಕ್ಕ ಕೂಡ ಕೋಪ ಬಂದಾಗ ಮಾತ್ರ ಕರೆಯುತ್ತಿದ್ದಳು.

ಅವನನ್ನು ಸಾಕಿದವಳು ಈ ಅಕ್ಕನೇ. ಹೊಲಿಗೆ ಅವಳ ಕಸುಬು. ತಮ್ಮ ಬೀಳುವ ಕೆಲಸಕ್ಕೆ ಸೇರಿದಾಗ ಸಿಟ್ಟಾಗಿ ಮಾತು ಬಿಟ್ಟಳು. ಆಮೇಲೆ ತಾನೇ ಕೂತು ಅವನ ಮೊಣಕಾಲಿಗೆ, ಮೊಣಕೈಗೆ, ಸೊಂಟಕ್ಕೆ ಹತ್ತಿ ತುಂಬಿದ ಮೆತ್ತೆಗಳನ್ನು ಹೊಲಿದುಕೊಟ್ಟಳು. ಸಂಜೆ ಅವನು ಮನೆಗೆ ಬಂದರೆ ಊಟಕ್ಕೆ ಮೊದಲು ಒಂದು ಪರೀಕ್ಷೆ. ಹೊಲಿಗೆ ಯಂತ್ರದ ದೀಪವನ್ನು ಅವನ ಕಡೆ ತಿರುಗಿಸಿ, "ಎಲ್ಲಿ, ಮುಖ ತೋರ್ಸು" ಅನ್ನುತ್ತಿದ್ದಳು. ಅವನು ಎದುರು ನಿಂತು ಕತ್ತೆತ್ತಬೇಕು. ಗೀರು, ಊತ ಏನನ್ನೂ ಮುಚ್ಚಿಡುವಂತಿಲ್ಲ. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಅವಳು ಕಣ್ಣು ಮುಚ್ಚಿ, ತುಟಿಯಲ್ಲೇ ದೇವರಿಗೆ ಒಂದು ಮಾತು ಹೇಳಿ ತಟ್ಟೆ ಹಾಕುತ್ತಿದ್ದಳು.

ಟಾಕೀಸಿನಲ್ಲಿ ಅವಳದು ಇನ್ನೊಂದು ಅಭ್ಯಾಸ. ಹೊಡೆದಾಟ ಬಂದರೆ ಪಕ್ಕದವರನ್ನು ತಿವಿದು, ಅದು ನಮ್ಮ ತಮ್ಮನ ಬೆನ್ನು ಎಂದು ತೋರಿಸುವುದು. ಒಮ್ಮೆ ಒಬ್ಬ ಹೆಂಗಸು, "ಬೆನ್ನಿಗೇನಮ್ಮ, ನಮ್ಮನೆಯವ್ರದ್ದೂ ಹಂಗೇ ಇದೆ" ಅಂದಿದ್ದಳು. ಅಕ್ಕ ಆ ಮಾತನ್ನು ನಗುತ್ತಲೇ ಹೇಳುತ್ತಿದ್ದಳು. ಆದರೂ ಅದು ಎಲ್ಲೋ ಮುಳ್ಳಿನ ಹಾಗೆ ಉಳಿದಿತ್ತು.

ಬೆನ್ನಪ್ಪನಿಗೆ ಐವತ್ತು ಹತ್ತಿರವಾಗಿ, ಮೊಣಕಾಲು ಮಾತು ಕೇಳದೆ ಹೋಗುತ್ತಿದ್ದ ಹೊತ್ತಿಗೆ ಆ ಚಿತ್ರ ಬಂತು. ಬೆಟ್ಟದ ಮೇಲಿನ ಒಂದು ಬೌದ್ಧ ವಿಹಾರ, ಅದನ್ನು ದೋಚಲು ಬರುವ ದರೋಡೆಕೋರರು, ಅವರನ್ನು ತಡೆಯುವ ಭಿಕ್ಷುಗಳು. ಈ ಭಿಕ್ಷುಗಳು ತಾವಾಗಿ ಕೈ ಎತ್ತುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ. ಬಾಗಿಲು ಕಾಯುವ ಹಿರಿಯ ಭಿಕ್ಷು ಬರೀ ಕೋಲು ಹಿಡಿದು ಇಡೀ ಗುಂಪನ್ನು ಕೆಡವುತ್ತಾನೆ. ಕೊನೆಗೆ ಬಿದ್ದವರಿಗೆ ಕೈಮುಗಿದು, ತಿರುಗಿ ನಮ್ಮನ್ನು ನೋಡುತ್ತಾನೆ. ನಿರ್ದೇಶಕರಿಗೆ ಇದೆಲ್ಲ ಎಲ್ಲೂ ತುಂಡಾಗದೆ ಒಂದೇ ಓಟದಲ್ಲಿ ಬೇಕಿತ್ತು. ಫೈಟ್ ಮಾಸ್ಟರ್ ಬೆನ್ನಪ್ಪನ ಹೆಸರು ಹೇಳಿದರು. ನಿರ್ದೇಶಕರು ಒಪ್ಪಿದರು, ಆದರೆ ಅವನಿಂದ ಆಗದಿದ್ದರೆ ಹೊಡೆದಾಟಕ್ಕೆ ಅವನು, ಮುಖಕ್ಕೆ ಬೇರೆ ನಟ ಎಂದು ಮೊದಲೇ ಹೇಳಿಬಿಟ್ಟರು.

ತಲೆ ಬೋಳಿಸಿಕೊಂಡು ಬಂದ ತಮ್ಮನನ್ನು ಅಕ್ಕ ದೀಪದಡಿ ನಿಲ್ಲಿಸಿ ನೋಡಿ, ಇನ್ನು ಮೇಲೆ ತಲೆಯ ಪೆಟ್ಟೂ ಬಚ್ಚಿಡೋಕಾಗಲ್ಲ ಎಂದು ನಕ್ಕಳು. ಭಿಕ್ಷುವಿನ ತೆಳು ಬಟ್ಟೆಯೊಳಗೆ ಉಬ್ಬಿ ಕಾಣದಂಥ ಮೆತ್ತೆಗಳನ್ನು ಹೊಸದಾಗಿ ಹೊಲಿದಳು. ತಾನೇ ಕಟ್ಟಬೇಕೆಂದು ಚಿತ್ರೀಕರಣದ ದಿನ ಜೊತೆಗೇ ಹೋದಳು.

ಕಾಳಗ ಅದ್ಭುತವಾಗಿ ಬಂತು. ಕೋಲು ಗಾಳಿಯನ್ನು ಸೀಳುತ್ತಿತ್ತು, ಬೀಳುವವರು ಲೆಕ್ಕ ತಪ್ಪದೆ ಬೀಳುತ್ತಿದ್ದರು. ಬೆನ್ನಪ್ಪ ಕೈಮುಗಿದ, ತಿರುಗಿದ, ಅಷ್ಟರಲ್ಲಿ ಕತ್ತು ತಾನಾಗಿ ಆಚೆ ಹೊರಳಿತು. ಕ್ಯಾಮೆರಾಗೆ ಸಿಕ್ಕಿದ್ದು ಮತ್ತೆ ಬೆನ್ನೇ. ಎಷ್ಟು ಸಲ ಮಾಡಿದರೂ ಅದೇ ಕಥೆ. ಬದಲಿಯಾಗಿ ಬೀಳುವವನ ಮುಖ ಕಂಡರೆ ಚಿತ್ರ ಕೆಟ್ಟಿತು ಎಂದು ಎಳೆಯ ವಯಸ್ಸಿನಲ್ಲಿ ಮಾಸ್ಟರೇ ಬೈದು ಕಲಿಸಿದ್ದು ಅವನ ಮೈಯೊಳಗೆ ಇಳಿದುಹೋಗಿತ್ತು. ಕಣ್ಣು ಮುಚ್ಚಿಕೊಂಡರೂ ಕ್ಯಾಮೆರಾ ಎಲ್ಲಿದೆಯೆಂದು ಅವನ ಕತ್ತಿಗೆ ಗೊತ್ತಿತ್ತು.

"ಕ್ಯಾಮೆರಾ ಏನು ನಿಮ್ಮತ್ತೇನಾ, ಬೆನ್ನಪ್ಪ? ಹಿಂಗೆ ಮುಖ ತಪ್ಪಿಸ್ಕೊಂಡು ಓಡಾಡ್ತೀಯಲ್ಲ" ಎಂದ ಲೈಟಿನವನು. ಎಲ್ಲರೂ ನಕ್ಕರು. ಬೆನ್ನಪ್ಪನೂ ನಕ್ಕು, ಕೋಲನ್ನು ಮತ್ತೆ ಕೈಗೆತ್ತಿಕೊಂಡ. ಅಂಗಳದಿಂದ ಬಿಸಿಲು ಜಾರುತ್ತಿತ್ತು. ಮುಖಕ್ಕೆಂದು ಕರೆಸಿದ್ದ ನಟ ಆಗಲೇ ತಲೆ ಬೋಳಿಸಿಕೊಂಡು ಕೊಡೆಯ ಕೆಳಗೆ ಕಾಯುತ್ತಿದ್ದ. ಇದೇ ಕೊನೆಯ ಸಲ ಎಂದರು ನಿರ್ದೇಶಕರು.

ಅಕ್ಕ ಎದ್ದು ಮಾಸ್ಟರ್ ಹತ್ತಿರ ಹೋಗಿ ಏನೋ ಕೇಳಿದಳು. ಅವರು ತಲೆ ಕೆರೆದುಕೊಂಡು ನಿರ್ದೇಶಕರ ಕಿವಿಯಲ್ಲಿ ಹೇಳಿದರು. ಆ ದೃಶ್ಯಕ್ಕೆ ಶಬ್ದ ಕೂಡಿಸುವುದು ಆಮೇಲೆ, ಆದ್ದರಿಂದ ಯಾರು ಮಾತಾಡಿದರೂ ತೊಂದರೆಯಿರಲಿಲ್ಲ. ಅವಳು ಬಂದು ಕ್ಯಾಮೆರಾಗೆ ತಗುಲಿದಂತೆ ನಿಂತಳು.

ಕಾಳಗ ಮತ್ತೆ ನಡೆಯಿತು. ಕೊನೆಯವನು ಬಿದ್ದ. ಬೆನ್ನಪ್ಪ ಕೈಮುಗಿದ. ತಿರುಗಿದ. ಕತ್ತು ಇನ್ನೇನು ಹೊರಳಬೇಕು, ಆಗ ದಿನವೂ ಕೇಳುವ ದನಿ ಕೇಳಿಸಿತು.

"ಎಲ್ಲಿ, ಮುಖ ತೋರ್ಸು."

ಅವನು ಕತ್ತೆತ್ತಿ ನಿಂತ. ಬೆವರು ಸುರಿಯುತ್ತಿದ್ದ, ದಣಿದ, ಏನನ್ನೂ ಬಚ್ಚಿಡದ ಮುಖ. ದುಡಿದು ಮನೆಗೆ ಬಂದವನ ನೆಮ್ಮದಿ ಅದರಲ್ಲಿತ್ತು. ನಿರ್ದೇಶಕರು ಕಟ್ ಹೇಳುವುದನ್ನೇ ಮರೆತು ನೋಡುತ್ತ ನಿಂತರು.

"ಕೆನ್ನೆ ಮೇಲೆ ಗೀರಿದೆ ಕಣೋ" ಅಂದಳು ಅಕ್ಕ.

ಆಗ ಎದ್ದ ಚಪ್ಪಾಳೆ ಬೇಗ ನಿಲ್ಲಲಿಲ್ಲ. ಬಿದ್ದಿದ್ದ ದರೋಡೆಕೋರರು ಎದ್ದು ಬಂದು ಭಿಕ್ಷುವನ್ನು ಹೆಗಲ ಮೇಲೆ ಹೊತ್ತುಕೊಂಡರು. ಕೊಡೆಯ ಕೆಳಗಿದ್ದ ನಟ ಬಂದು ಕೈ ಕುಲುಕಿ, "ಸರಿಯಪ್ಪ, ಇನ್ನು ನಾನು ಕೂದಲು ಬಿಡ್ತೀನಿ" ಅಂದ.

ಚಿತ್ರ ಬಿಡುಗಡೆಯಾದ ದಿನ ಟಾಕೀಸು ತುಂಬಿತ್ತು. ತೆರೆಯ ಉದ್ದಗಲಕ್ಕೂ ಬೆನ್ನಪ್ಪನ ಮುಖ ಬಂದಾಗ ಶಿಳ್ಳೆ ಹೊಡೆಯುವವರೂ ಉಸಿರು ಹಿಡಿದರು, ಆಮೇಲೆ ಒಟ್ಟಿಗೇ ಶಿಳ್ಳೆ ಹೊಡೆದರು. ಅಕ್ಕ ಯಾರನ್ನೂ ತಿವಿಯಲಿಲ್ಲ. ಕಣ್ಣು ಮುಚ್ಚಿದ್ದಳು, ತುಟಿ ಅಲುಗುತ್ತಿತ್ತು.

ದೀಪ ಹತ್ತುವ ಮೊದಲೇ ಬೆನ್ನಪ್ಪ ತಲೆ ತಗ್ಗಿಸಿ ಬಾಗಿಲಿನ ಕಡೆ ಸರಿದ. ಜನರಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಅಕ್ಕ, ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದಳು. ಕೋಪ ಬಂದಿರಲಿಲ್ಲ.

ಅವನು ತಿರುಗಿದ. ದೀಪ ಹತ್ತಿತು.