ಮೆಸ್ಸಿನ ಕಿಂಡಿ ಮತ್ತು ನಾಲ್ಕನೆಯ ಸೀಸನ್

ನಾನು ಬರೆದದ್ದರಲ್ಲಿ ನಾಲ್ಕು ಜನ ಮೆಚ್ಚಿದ ವಿಮರ್ಶೆ ಒಂದೇ ಒಂದು. ಅದು ನನ್ನದಲ್ಲ. ಹೆಸರು ನನ್ನದು, ಫೋಟೊ ನನ್ನದು, ವಾಕ್ಯಗಳೂ ನನ್ನವೇ. ಅದರಲ್ಲಿ ಹೇಳಿದ್ದು ಮಾತ್ರ ಬೇರೆಯವರ ಕಣ್ಣಿಗೆ ಕಂಡದ್ದು. ಅಂಕಣ ನಿಂತು ಕೆಲವು ವರ್ಷಗಳಾದವು, ಆಮೇಲೆ ಪತ್ರಿಕೆಯೂ ನಿಂತಿತು. ತಿದ್ದುಪಡಿ ಹಾಕಿಸಲು ಈಗ ಜಾಗವಿಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಜಾಗ ಇದ್ದಾಗ ಯಾಕೆ ಬರೆಯಲಿಲ್ಲ ಎಂದರೆ, ಧೈರ್ಯ ಇರಲಿಲ್ಲ.

ಆಗ ನಾನು ಚೆನ್ನೈಗೆ ವರ್ಗವಾಗಿ ಬಂದು ಮೂರು ವರ್ಷವಾಗಿತ್ತು. ಅಂಬತ್ತೂರಿನಲ್ಲಿ ವಿಮಾ ಕಚೇರಿಯ ಕೆಲಸ. ಅದರ ಜೊತೆಗೆ ಬೆಂಗಳೂರಿನ ಒಂದು ಮಾಸಪತ್ರಿಕೆಗೆ, ಡಿಸ್ಕಿನಲ್ಲಿ ಬರುವ ಸಿನಿಮಾ, ಧಾರಾವಾಹಿಗಳ ಬಗ್ಗೆ ತಿಂಗಳಿಗೊಂದು ಬರಹ. ಒಮ್ಮೆ ಸಂಪಾದಕರು ಇಂಗ್ಲಿಷಿನ ಒಂದು ಗೂಢಚಾರಿ ಧಾರಾವಾಹಿಯನ್ನು ನನಗೆ ವಹಿಸಿದರು. ಮೊದಲ ಮೂರು ಸೀಸನ್‌ಗಳನ್ನು ಇನ್ನಾರೋ ವಿಮರ್ಶಿಸಿ ಕೈಬಿಟ್ಟಿದ್ದರು; ನಾಲ್ಕು, ಐದು, ಆರು ನನ್ನ ಪಾಲಿಗೆ ಬಂದವು. ತಿಂಗಳಿಗೊಂದು ಪೆಟ್ಟಿಗೆ ಕೊರಿಯರಿನಲ್ಲಿ ಬರುವುದು ಎಂದಾಯಿತು. “ಹಿಂದಿನವನ್ನು ನೋಡಿದ್ದೀರಲ್ಲ?” ಎಂದು ಕೇಳಿದರು. ನೋಡಿದ್ದೇನೆ ಎಂದೆ. ನೋಡಿರಲಿಲ್ಲ.

ಡಿಸ್ಕ್ ಹಾಕುವ ಪ್ಲೇಯರ್ ಕೂಡ ನನ್ನಲ್ಲಿರಲಿಲ್ಲ. ಅದು ಇದ್ದದ್ದು ಎರಡು ಬೀದಿ ಆಚೆ, ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅಜ್ಜ ಉಡುಪಿಯ ಕಡೆಯಿಂದ ಮದರಾಸಿಗೆ ಹೋಟೆಲ್ ಕೆಲಸಕ್ಕೆ ಬಂದವರು. ಇಬ್ಬರು ಹೆಣ್ಣುಮಕ್ಕಳೂ ಇಲ್ಲಿಯೇ ಹುಟ್ಟಿದರು. ಅಮ್ಮ ಮದುವೆಯಾಗಿ ಉಡುಪಿಗೆ ಹೋದದ್ದರಿಂದ ನಾನು ಕನ್ನಡ ಶಾಲೆಯಲ್ಲಿ ಓದಿದೆ. ದೊಡ್ಡಮ್ಮ ಇಲ್ಲಿಯ ತಮಿಳು ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿ, ಇಲ್ಲಿಯೇ ಮೆಸ್ ನಡೆಸುತ್ತಿದ್ದವರನ್ನು ಮದುವೆಯಾದಳು. ಅವಳ ಮಾತು ಅಪ್ಪಟ ನಮ್ಮೂರಿನ ಕನ್ನಡ, ನಡುನಡುವೆ ಧಾರಾಳವಾಗಿ ತಮಿಳು. ಓದಲು ಬರುವುದು ತಮಿಳು ಮಾತ್ರ. ಕನ್ನಡದ ಒಂದಕ್ಷರವೂ ಅವಳಿಗೆ ತಿಳಿಯದು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ನಾನೂ ಚೆನ್ನಾಗಿ ನೆನಪಿಟ್ಟುಕೊಂಡಿದ್ದೆ.

ಡಿಸ್ಕಿನ ಪೆಟ್ಟಿಗೆಯನ್ನು ಚೀಲದಿಂದ ತೆಗೆಯುತ್ತಲೇ ದೊಡ್ಡಮ್ಮ ಕನ್ನಡಕ ಏರಿಸಿಕೊಂಡಳು. “ಅಯ್ಯ, ಇವರಾ? ಇವರನ್ನು ನಾನು ಟಿವಿಯಲ್ಲಿ ತಮಿಳಿನಲ್ಲಿ ನೋಡಿದ್ದೇನೆ ಮಾರಾಯ್ತಿ. ಮಧ್ಯಾಹ್ನ ಹಾಕ್ತಿದ್ದರು.” ನನ್ನ ಅದೃಷ್ಟಕ್ಕೆ ಮೊದಲ ಮೂರು ಸೀಸನ್‌ಗಳೂ ಅವಳಿಗೆ ಬಾಯಿಪಾಠವಾಗಿದ್ದವು. ಅವತ್ತು ಊಟ ಮಾಡುತ್ತ ಪೂರ್ತಿ ಕತೆ ಕೇಳಿಸಿಕೊಂಡೆ. ಪಾತ್ರಗಳ ಹೆಸರು ಅವಳಿಗೆ ಬೇಕಿರಲಿಲ್ಲ. ಕಚೇರಿಯ ಮುಖ್ಯಸ್ಥ ‘ಮ್ಯಾನೇಜರ್’, ಗೂಢಚಾರಿಣಿ ‘ಕೆಂಪು ಶಾಲು’, ಮುಖ್ಯಸ್ಥನ ಮೆದುಮಾತಿನ ಸಹಾಯಕ ‘ಕಾಪಿ ತರುವವ’. ಸೌತೆಕಾಯಿ ಹುಳಿಯನ್ನು ಎರಡನೆಯ ಸಲ ಹಾಕಿಸಿಕೊಂಡು, ಹಪ್ಪಳ ಮುರಿಯುತ್ತ, ನಾನು ಎಲ್ಲವನ್ನೂ ಬರೆದುಕೊಂಡೆ.

ಹೀಗೆ ಪ್ರತಿ ಭಾನುವಾರ ಅವಳ ಮನೆಯಲ್ಲಿ ಊಟ, ಆಮೇಲೆ ಮೂರು ಕಂತು. ಡಿಸ್ಕಿನಲ್ಲಿ ತಮಿಳು ಇರಲಿಲ್ಲ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದ್ದರಿಂದ ನಾನು ಅರ್ಥ ಹೇಳಲು ಹೊರಟೆ. ಅವಳು ಕೈ ಅಡ್ಡ ಹಿಡಿದಳು. “ನೀನು ಸುಮ್ಮನೆ ಕೂತ್ಕೊ. ಮಾತು ಕೇಳ್ತಾ ಕೂತರೆ ಆಚೆ ನಡೆಯುವುದು ಕಾಣುವುದಿಲ್ಲ.”

ಎರಡನೆಯ ಕಂತಿನಲ್ಲಿಯೇ ಅವಳು ಪರದೆಗೆ ಬೆರಳು ತೋರಿಸಿದಳು. “ಇವನೇ. ಕಾಪಿ ತರುವವ. ಇವನೇ ಮೋಸ ಮಾಡುವುದು.”

ನಾನು ನಕ್ಕೆ. ಅವನಷ್ಟು ಒಳ್ಳೆಯವನು ಇಡೀ ಧಾರಾವಾಹಿಯಲ್ಲಿ ಇರಲಿಲ್ಲ.

“ನೋಡು. ಎಲ್ಲರಿಗೂ ತಂದು ಕೊಡ್ತಾನೆ, ತಾನು ಒಂದು ಗುಟುಕು ಕುಡಿಯುವುದಿಲ್ಲ. ಕಳೆದ ಸಲ ಕುಡಿತಿದ್ದ. ನಮ್ಮ ಮೆಸ್ಸಿನಲ್ಲಿಯೂ ಹೀಗೇ. ಕೆಲಸಕ್ಕಿದ್ದವ ಏನಾದರೂ ಮೋಸ ಮಾಡಿದ ಅಂತಾದರೆ, ಮೊದಲು ಬಿಡುವುದು ನಮ್ಮಲ್ಲಿ ಊಟ. ಹಸಿವಿಲ್ಲ ಅಂತಾನೆ, ಹೊಟ್ಟೆ ಸೆರಿ ಇಲ್ಲ ಅಂತಾನೆ. ನಮ್ಮ ಕೈಯ ಅನ್ನ ಅವನಿಗೆ ಇಳಿಯುವುದಿಲ್ಲ, ಅಷ್ಟೇ.”

ದೊಡ್ಡಪ್ಪ ಇರುವವರೆಗೆ ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನ ಕಾರ್ಖಾನೆಯವರಿಗಾಗಿ ನಡೆಸಿದ ಆ ಮೆಸ್ಸಿನಲ್ಲಿ, ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಒಂದು ಮೊಳ ಅಗಲದ ಕಿಂಡಿ ಇತ್ತು. ಒಳಗಿನಿಂದ ಪಾತ್ರೆ ದಾಟಿಸಲು ಮಾಡಿದ್ದು. ಮೂವತ್ತು ವರ್ಷ ದೊಡ್ಡಮ್ಮ ಅದರ ಹಿಂದೆ ಕೂತವಳು. ಹಾಲಿನ ಗದ್ದಲದಲ್ಲಿ ಯಾರ ಮಾತೂ ಅವಳಿಗೆ ಕೇಳಿಸುತ್ತಿರಲಿಲ್ಲ. ತಟ್ಟೆಗಳು, ಕೈಗಳು, ಅರ್ಧರ್ಧ ಮುಖಗಳು, ಇಷ್ಟೇ ಕಾಣುತ್ತಿದ್ದದ್ದು. ಧಾರಾವಾಹಿಯನ್ನೂ ಅವಳು ಹಾಗೆಯೇ ನೋಡುತ್ತಿದ್ದಳು.

ನಾನು ಬರೆದ ಮೊದಲ ಕರಡಿನಲ್ಲಿ ಇದೊಂದೂ ಇರಲಿಲ್ಲ. ಛಾಯಾಗ್ರಹಣ ಸೊಗಸಾಗಿದೆ, ಸಂಗೀತ ಪೂರಕವಾಗಿದೆ, ಡಿಸ್ಕಿನ ಜೊತೆ ಕೊಟ್ಟ ಸಂದರ್ಶನಗಳು ಉಪಯುಕ್ತವಾಗಿವೆ ಎಂದೆಲ್ಲ ಎರಡು ಪುಟ ಕಳಿಸಿದ್ದೆ. ಸಂಪಾದಕರು ಫೋನ್ ಮಾಡಿದರು. “ಇದನ್ನು ಯಾರು ಬೇಕಾದರೂ ಬರೀತಾರೆ ಮೇಡಂ. ನಿಮಗೆ ಏನು ಕಾಣಿಸ್ತು, ಅದನ್ನು ಬರೆದುಕೊಡಿ.”

ನನಗೆ ಏನೂ ಕಾಣಿಸಿರಲಿಲ್ಲ. ಕಾಣಿಸಿದವಳು ಎರಡು ಬೀದಿ ಆಚೆ ಇದ್ದಳು. ಕೂತು ಬರೆದೆ: ಈ ಧಾರಾವಾಹಿಯಲ್ಲಿ ನಂಬಿಕೆದ್ರೋಹಿಯನ್ನು ಹಿಡಿಯಬೇಕೆಂದರೆ ಬಂದೂಕು ನೋಡಬೇಡಿ, ಬಟ್ಟಲು ನೋಡಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ. ‘ನನ್ನ ಬಾಲ್ಯದ ದಿನಗಳಲ್ಲಿ, ಮದರಾಸಿನ ಒಂದು ಮೆಸ್ಸಿನ ಕಿಂಡಿಯ ಹಿಂದೆ ಕೂತು ನಾನು ಇದನ್ನು ಕಲಿತೆ’ ಎಂದು ಬರೆದೆ. ಬಾಲ್ಯದಲ್ಲಿ ನಾನು ಆ ಮೆಸ್ಸಿಗೆ ಬಂದದ್ದು ಎರಡು ಬೇಸಿಗೆ ರಜೆಗೆ. ಬೆಂಕಿ, ಬಿಸಿನೀರು ಎಂದು ಅಡುಗೆಮನೆಯೊಳಗೆ ನನ್ನನ್ನು ಬಿಟ್ಟಿರಲೂ ಇಲ್ಲ. ಬರೆದದ್ದನ್ನು ಓದಿಕೊಂಡಾಗ ನನಗೇ ಹಿತವಾಯಿತು. ಇವತ್ತು ಹೆಚ್ಚು ನಾಚಿಕೆಯಾಗುವುದು ಆ ಹಿತಕ್ಕೆ.

ದೊಡ್ಡಮ್ಮನಿಗೆ ತಿಳಿದರೆ ಎಂಬ ಯೋಚನೆ ಬರಲಿಲ್ಲವೇ? ಬಂತು. ಅವಳಿಗೆ ಓದಲು ಬರುವುದಿಲ್ಲವಲ್ಲ ಎಂಬ ಸಮಾಧಾನವೂ ಅದರ ಬೆನ್ನಿಗೇ ಬಂತು.

ಪತ್ರಿಕೆ ಬಂದಾಗ ತೋರಿಸದೆ ಇರಲಾಗಲಿಲ್ಲ. ಅವಳು ನನ್ನ ಫೋಟೊದ ಮೇಲೆ ಸೆರಗಿನಿಂದ ಒಮ್ಮೆ ಒರೆಸಿ, “ಓದು” ಎಂದು ಎದುರು ಕೂತಳು. ಓದಿದೆ. ಛಾಯಾಗ್ರಹಣ ಓದಿದೆ, ಸಂಗೀತ ಓದಿದೆ, ಬಟ್ಟಲನ್ನೂ ಕಿಂಡಿಯನ್ನೂ ಹಾರಿಸಿ ಕೊನೆಯ ಸಾಲಿಗೆ ಬಂದೆ.

“ಅವ್ಳೋದಾನಾ? ಅಷ್ಟೇಯಾ?” ಅವಳು ಪುಟದ ಮೇಲೆ ಬೆರಳಾಡಿಸಿದಳು. “ಇಷ್ಟುದ್ದ ಉಂಟಲ್ಲ. ಈ ಕೆಳಗಿನದು ಎಂತ?”

“ಅದು ಜಾಹೀರಾತು ದೊಡ್ಡಮ್ಮ” ಎಂದೆ.

ಅವಳು ತಲೆಯಾಡಿಸಿ ಪತ್ರಿಕೆಯನ್ನು ಟಿವಿಯ ಪಕ್ಕದಲ್ಲಿಟ್ಟಳು. ಮುಂದಿನ ಭಾನುವಾರಗಳಲ್ಲಿ ನಾನು ಊಟದ ಹೊತ್ತು ಕಳೆದ ಮೇಲೆ ಹೋಗತೊಡಗಿದೆ. ಹೊಟ್ಟೆ ತುಂಬಿದರೆ ನಿದ್ದೆ ಬರುತ್ತದೆ, ವಿಮರ್ಶೆ ಬರೆಯುವವಳು ಎಚ್ಚರವಾಗಿರಬೇಕು ಎಂಬುದು ನಾನೇ ನನಗೆ ಹೇಳಿಕೊಂಡ ಕಾರಣ. ಅವಳಿಗೆ ಹೇಳಿದ್ದು ಬೇರೆ ಬೇರೆ: ಒಮ್ಮೆ ಸಹೋದ್ಯೋಗಿಯ ಮನೆಯಲ್ಲಿ ಊಟ, ಒಮ್ಮೆ ಅಸಿಡಿಟಿ, ಒಮ್ಮೆ ತೂಕ ಇಳಿಸುತ್ತಿದ್ದೇನೆ ಎಂದು. ಅವಳು ಬಡಿಸಲು ತೆಗೆದಿಟ್ಟ ತಟ್ಟೆಯನ್ನು ಒಳಗಿಡುತ್ತಿದ್ದಳು. ಅಪ್ಪುರಂ, ಇನ್ನೆಂತ, ಡಿಸ್ಕ್ ಹಾಕು ಎನ್ನುತ್ತಿದ್ದಳು.

ಐದನೆಯ ಸೀಸನ್ನಿನ ಕೊನೆಯಲ್ಲಿ ಕಾಪಿ ತರುವವನೇ ಸಿಕ್ಕಿಬಿದ್ದ. ದೊಡ್ಡಮ್ಮ ಚಪ್ಪಾಳೆಯನ್ನೇನೂ ಹೊಡೆಯಲಿಲ್ಲ; “ಪಾಪ, ಎಷ್ಟು ಬಡವಾಗಿದ್ದಾನೆ” ಎಂದಳು. ಚಪ್ಪಾಳೆ ಬಿದ್ದದ್ದು ನನಗೆ. ಒಂದು ಸೀಸನ್ ಮೊದಲೇ ಕಂಡುಹಿಡಿದಿದ್ದಿರಲ್ಲ ಎಂದು ಓದುಗರು ಪತ್ರ ಬರೆದರು. ಸಂಪಾದಕರು ಕಿಂಡಿಯ ಬಗ್ಗೆ ಇನ್ನಷ್ಟು ಬರೆಯಿರಿ ಎಂದರು. ಬರೆದೆ. ದೊಡ್ಡಮ್ಮನ ಬಾಯಿಂದ ಇನ್ನಷ್ಟು ಹೊರಡಿಸಿ, ಮರೆಯುವ ಮುಂಚೆ ದಾರಿಯಲ್ಲಿಯೇ ಮೊಬೈಲಿನಲ್ಲಿ ಟಿಪ್ಪಣಿ ಮಾಡಿಕೊಂಡು, ಬರೆದೆ.

ಅಷ್ಟರಲ್ಲಿ ಇಲ್ಲಿಯ ಕನ್ನಡ ಸಂಘದವರು ವಾರ್ಷಿಕೋತ್ಸವಕ್ಕೆ ಕರೆದರು. ಒಂದು ಶಾಲೆಯ ಸಭಾಂಗಣ, ಭಾನುವಾರ ಬೆಳಿಗ್ಗೆ, ನನ್ನದೊಂದು ಭಾಷಣ, ಶಾಲು, ಆಮೇಲೆ ಎಲ್ಲರಿಗೂ ಊಟ. ನಾನು ದೊಡ್ಡಮ್ಮನಿಗೆ ತಿಳಿಸಿರಲಿಲ್ಲ. ವೇದಿಕೆ ಹತ್ತಿ ನೋಡಿದರೆ ಎರಡನೆಯ ಸಾಲಿನಲ್ಲಿ ಕೂತಿದ್ದಾಳೆ, ಮದುವೆಗಳಿಗೆ ಉಡುವ ಹಸಿರು ರೇಷ್ಮೆ ಉಟ್ಟು. ಪಕ್ಕದ ಮನೆಯವರು ಕರೆತಂದಿದ್ದರು. ನನ್ನನ್ನು ನೋಡಿ ಕೈ ಎತ್ತಿದಳು.

ಪರಿಚಯ ಮಾಡಿಕೊಟ್ಟವರು ರೈಲ್ವೆಯಿಂದ ನಿವೃತ್ತರಾದ ಕಾರ್ಯದರ್ಶಿ. ಮೈಕಿನ ಮುಂದೆ ನಿಂತು, ಜೇಬಿನಿಂದ ಪತ್ರಿಕೆಯ ಕತ್ತರಿಸಿದ ಪುಟ ತೆಗೆದರು. “ನಾನು ಹೇಳೋದಕ್ಕಿಂತ ಇವರ ಬರಹವೇ ಹೇಳ್ಲಿ” ಎಂದು ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಓದಿದರು. ಬಟ್ಟಲು ಬಂತು. ಊಟ ಬಿಡುವ ಕೆಲಸದವನು ಬಂದ. ‘ಕಿಂಡಿಯ ಹಿಂದೆ ಕೂತು ನಾನು ಇದನ್ನು ಕಲಿತೆ’ ಎಂಬುದು ಸಭಾಂಗಣದ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಬಂತು. ಅವಳ ಕಣ್ಣಿಗೆ ಕನ್ನಡ ಬಾರದೆಂದು ನಿಶ್ಚಿಂತಳಾಗಿದ್ದ ನನಗೆ, ಅವಳ ಕಿವಿಗೆ ಅದು ಬರುತ್ತದೆಂಬುದು ಮರೆತೇಹೋಗಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಮ್ಮನೂ ತಟ್ಟಿದಳು, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಆಮೇಲೆ ಮೈಕ್ ನನ್ನ ಕೈಗೆ ಬಂತು. ಇದನ್ನು ಹೇಳದೆ ಬಿಟ್ಟರೆ ಈ ಬರಹವೂ ಸುಳ್ಳಾಗುತ್ತದೆ. ಆ ಕಿಂಡಿಯ ಹಿಂದೆ ಕೂತವರು ಅಲ್ಲಿದ್ದಾರೆ, ಹಸಿರು ಸೀರೆಯವರು ಎಂದು ಬೆರಳು ತೋರಿಸಿದ್ದರೆ ಸಾಕಿತ್ತು. ಅರ್ಧ ನಿಮಿಷದ ಮಾತು. ನಾನು ಕಾಗದ ಬಿಡಿಸಿ, ಬರೆದುಕೊಂಡು ಹೋಗಿದ್ದ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಎರಡನೆಯ ಸಾಲಿನ ಕಡೆ ನೋಡಲಿಲ್ಲ. ಶಾಲು ಹೊದೆಸಿಕೊಂಡೆ. ಆಟೋದಲ್ಲಿ ಹಿಂತಿರುಗುವಾಗ ದೊಡ್ಡಮ್ಮ, ಪಾಯಸಕ್ಕೆ ಬೆಲ್ಲ ಕಡಿಮೆಯಾಗಿತ್ತು ಎಂದಳು. ನಾನು ಪಾಯಸ ಮುಟ್ಟಿರಲಿಲ್ಲ.

ಮುಂದಿನ ಭಾನುವಾರ ಆರನೆಯ ಸೀಸನ್ನಿನ ಕೊನೆಯ ಡಿಸ್ಕ್. ಹೋಗದೆ ಇರಲು ಕಾರಣ ಹುಡುಕಿ ಸಿಗದೆ, ಎಂದಿನಂತೆ ಊಟದ ಹೊತ್ತು ಮೀರಿ ಹೋದೆ. ಮೇಜಿನ ಮೇಲೆ ಎರಡು ತಟ್ಟೆ ಇದ್ದವು. ಅವಳೂ ಉಂಡಿರಲಿಲ್ಲ.

“ದೊಡ್ಡಮ್ಮ, ನನಗೆ ಹೊಟ್ಟೆ…” ಎಂದೆ.

“ಗೊತ್ತುಂಟು” ಎಂದಳು. ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟವಾಯಿತು. “ನೀನು ಆ ಪತ್ರಿಕೆ ತಂದ ದಿವಸದಿಂದ ನಮ್ಮಲ್ಲಿ ಉಣ್ಣಲಿಲ್ಲ. ಎಂಥದೋ ಮಾಡಿದ್ದೀ ಅಂತ ಆಗಲೇ ಗೊತ್ತಾಯ್ತು ನನಗೆ. ಎಂತ ಮಾಡಿದ್ದು ಅಂತ ಗೊತ್ತಿರಲಿಲ್ಲ. ಮೊನ್ನೆ ಅದೂ ಗೊತ್ತಾಯ್ತು.”

ನಾನು ನಿಂತೇ ಇದ್ದೆ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಬಂದದ್ದು ಬೇರೆ: “ನಿನ್ನ ಮಾತು ಚೆನ್ನಾಗಿತ್ತು ದೊಡ್ಡಮ್ಮ, ಅದಕ್ಕೆ…”

“ಮಾತು ತೆಗೊ, ಪರವಾಯಿಲ್ಲ. ಮಾತು ನಾನು ಯಾರಿಗಾದರೂ ಹೇಳ್ತೇನೆ. ಕಿಂಡಿ ಎಂತಕೆ ತೆಗೊಂಡೆ? ಅಷ್ಟು ವರ್ಷ ಆ ಹೊಗೆಯಲ್ಲಿ ಕೂತವಳು ನಾನಲ್ವಾ.”

ಅವಳು ಎದ್ದು ಟಿವಿಯ ಪಕ್ಕದಿಂದ ಪತ್ರಿಕೆ ತಂದಳು. ರಿಮೋಟ್ ಇಟ್ಟೂ ಇಟ್ಟೂ ಮುಖಪುಟದಲ್ಲಿ ಅದರ ಗುರುತು ಬಿದ್ದಿತ್ತು. ನನ್ನ ಕೈಗೆ ಕೊಟ್ಟು, “ಈಗ ಪೂರ್ತಿ ಓದು. ಜಾಹೀರಾತೂ ಸೇರಿಸಿ” ಎಂದಳು.

ಓದಿದೆ. ಬಟ್ಟಲಿನವರೆಗೆ ಹೇಗೋ ಬಂದೆ. ಕಿಂಡಿ ಬಂದಾಗ ‘ನಾನು’ ಎಂದಿದ್ದ ಕಡೆ ‘ನನ್ನ ದೊಡ್ಡಮ್ಮ’ ಎಂದು ಓದಿದೆ. ಅವಳಿಗೆ ಅಕ್ಷರ ಬಾರದಿದ್ದರೂ ಅದು ತಿಳಿಯಿತು. ಅಥವಾ ನನ್ನ ಮುಖದಲ್ಲಿ ಕಂಡಿತೋ ಏನೋ.

“ಬರೆದ ಹಾಗೆ ಓದು” ಎಂದಳು.

ಬರೆದ ಹಾಗೆ ಓದಿದೆ. ‘ಕಿಂಡಿಯ ಹಿಂದೆ ಕೂತು ನಾನು ಇದನ್ನು ಕಲಿತೆ.’ ಅವಳು ಮಧ್ಯೆ ಎಲ್ಲಿಯೂ ತಡೆಯದೆ ಕೊನೆಯವರೆಗೂ ಕೇಳಿದಳು. ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಇದ್ದ ಜಾಗದಲ್ಲಿಯೇ ಇಟ್ಟು, ಒಳಗಿನಿಂದ ಅನ್ನದ ಪಾತ್ರೆ ತಂದಳು. ಮೊದಲು ನನಗೆ ಬಡಿಸಿದಳು, ಆಮೇಲೆ ತನಗೆ. ಎದುರಿಗೆ ಕೂತು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ನಾನು ತುತ್ತು ಬಾಯಿಗಿಡುವವರೆಗೂ ಅವಳು ಅನ್ನಕ್ಕೆ ಕೈ ಹಾಕಲಿಲ್ಲ.