ಫ್ರಿಜ್ಜು ಆರಿಸಿ ಕೇಳುವ ಸುರುಳಿಯಕ್ಕ

ಬೆಳಗಿನ ಐದು ಗಂಟೆ. ಸುರುಳಿಯಕ್ಕ ಎದ್ದವರೇ ಮೊದಲು ಅಡುಗೆಮನೆಯ ಫ್ರಿಜ್ಜಿನ ಸ್ವಿಚ್ಚು ಆರಿಸುತ್ತಾರೆ. ಆಮೇಲೆ ಫ್ಯಾನು, ಟ್ಯೂಬ್‌ಲೈಟು. ಮೂರು ಮನೆಯಾಚೆಯ ಹಿಟ್ಟಿನ ಗಿರಣಿ ಏಳಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ ಕೇಳುವುದನ್ನೆಲ್ಲ ಕೇಳಿ ಮುಗಿಸಬೇಕು.

“ಹಾಲು ಒಡೆದ್ರೆ ನನ್ನ ಕೇಳ್ಬೇಡ,” ಎಂದು ಯಜಮಾನರು ಹೊದಿಕೆಯೊಳಗಿಂದ ಗೊಣಗುತ್ತಾರೆ.

“ಕಾಯಿಸಿಟ್ಟಿದೀನಿ, ಮಲಕ್ಕೊಳ್ಳಿ.”

ಮುಂದಿನ ಕೋಣೆಯ ಮೇಜಿನ ಮೇಲೆ ಒಂದು ರೆಕಾರ್ಡ್ ಪ್ಲೇಯರು, ಪಕ್ಕದಲ್ಲಿ ಅಂಗೈಯಗಲದ ಕಬ್ಬಿಣದ ಡಬ್ಬಿ. ಅಕ್ಕ ಡಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, ಕಿವಿಗೊಡುತ್ತಾರೆ, ಮತ್ತೆ ತಿರುಗಿಸುತ್ತಾರೆ. ಸ್ಪೀಕರಿನ ಗುಂಯ್ ಸದ್ದು ಒಂದು ಕಡೆ ತಣ್ಣಗೆ ಇಳಿದುಹೋಗುತ್ತದೆ. ಅಲ್ಲಿಗೊಂದು ಸೀಮೆಸುಣ್ಣದ ಗೆರೆ.

ಕೆಲವು ದುಬಾರಿ ರೆಕಾರ್ಡ್ ಸೂಜಿಗಳ ಹಿಂದೆ ಅಲುಗಾಡುವ ಪುಟಾಣಿ ತಂತಿಸುರುಳಿ ಇರುತ್ತದೆ. ಅದು ಕೊಡುವ ವಿದ್ಯುತ್ತು ಟಾರ್ಚಿನ ಒಂದು ಸೆಲ್ಲಿನ ಐದು ಸಾವಿರದಲ್ಲೊಂದು ಪಾಲು. ಅದನ್ನು ಏರಿಸಿ, ಸದ್ದು ಹಿಗ್ಗಿಸುವ ಪ್ರೀ-ಆಂಪ್‌ಗೆ ದಾಟಿಸಲು ನಡುವೆ ಒಳಗೆ ತಂತಿ ಸುತ್ತಿದ ಇಂಥ ಡಬ್ಬಿ, ಅಂದರೆ ಪುಟ್ಟ ಟ್ರಾನ್ಸ್‌ಫಾರ್ಮರು, ಬೇಕು. ಯಾವ ಸೂಜಿಗೆ ಯಾವ ಡಬ್ಬಿ ಹೊಂದುತ್ತದೆಂದು ನೋಡಿ, ಅಳತೆಗೆ ತಕ್ಕಂತೆ ಸುತ್ತಿಕೊಡುವುದು ಅಕ್ಕನ ಕೆಲಸ.

ಅಪ್ಪನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ನೀರಿನ ಪಂಪುಗಳಿಗೆ ತಂತಿ ಸುತ್ತುತ್ತ ಬೆಳೆದವರು ಇವರು. ಈಗ ಐವತ್ತೆಂಟು ವಯಸ್ಸು. ತಂತಿ ಕೂದಲಿನಷ್ಟು ತೆಳ್ಳಗಾಗಿದೆ, ಕನ್ನಡಕ ದಪ್ಪಗಾಗಿದೆ. ಒಳಸುರುಳಿಗೆ ನೂರೈವತ್ತು ಸುತ್ತು, ಹೊರಸುರುಳಿಗೆ ಸಾವಿರದೈನೂರು, ಎಡ ಸ್ಪೀಕರಿಗೊಂದು ಜೊತೆ, ಬಲಕ್ಕೊಂದು. ಎರಡು ದಿನ ಹಿಡಿಯುತ್ತದೆ. ಎಣಿಸುವಾಗ ಯಜಮಾನರು “ಊಟಕ್ಕೇನು?” ಅಂದರೆ “ಏಳುನೂರ ಹನ್ನೆರಡು” ಎಂಬ ಉತ್ತರ ಬರುತ್ತದೆ.

ಈ ಕೆಲಸದ ಮೊದಲ ವರ್ಷ ಒಂದು ತಪ್ಪಾಯಿತು. ಗಿರಾಕಿಯ ಸೂಜಿಗೆ ಮೀಟರಿನ ಮೊನೆ ಮುಟ್ಟಿಸಿದರು. ಪಂಪಿನ ಮೋಟರಿಗೆ ದಿನಾ ಮಾಡುತ್ತಿದ್ದ ಪರೀಕ್ಷೆಯೇ; ಆದರೆ ಮೀಟರು ಹರಿಸಿದ ವಿದ್ಯುತ್ತಿಗೇ ಆ ಪುಟ್ಟ ಸುರುಳಿ ಸುಟ್ಟುಹೋಯಿತು. “ಮೂರು ದಿನ ಊಟ ಸೇರ್ಲಿಲ್ಲ,” ಎನ್ನುತ್ತಾರೆ. ಅಂದಿನಿಂದ ಸೂಜಿ ಮೇಜಿಗೆ ಬಂದರೆ ಮೀಟರು ಬೀರುವಿಗೆ ಹೋಗುತ್ತದೆ, ಬೀರುವಿಗೆ ಬೀಗ ಬೀಳುತ್ತದೆ.

ಹೋದ ವಾರ ಈ ಪ್ಲೇಯರು ಹೊತ್ತು ತಂದವರು ನಿವೃತ್ತ ಸರ್ವೇಯರು. ಜೇಬಿನಲ್ಲಿ ತಮ್ಮದೇ ಮೀಟರು.

“ಒಂದ್ಸಲ ಅಳೆದು ನೋಡೋಣ್ವಾ?”

“ಸಾರ್, ನೀವು ಹೊಲ ಅಳೀರಿ. ಇದನ್ನ ಮುಟ್ಟಿದ್ರೆ ಕೈ ಮೇಲೆ ಬಾರಿಸ್ತೀನಿ.”

ಸರ್ವೇಯರು ಕೈ ಹಿಂದಕ್ಕೆಳೆದುಕೊಂಡು ವಿಷಯ ಹೇಳಿದರು. ಅವರ ತಂಗಿ ಹತ್ತೊಂಬತ್ತರ ಪ್ರಾಯದಲ್ಲಿ ಹಾಡಿದ ಒಂದೇ ಒಂದು ರೆಕಾರ್ಡಿದೆ. ಗಂಟಲಿನ ಆಪರೇಷನ್ನಾಗಿ ಆರು ವರ್ಷ, ಈಗ ಪಿಸುಮಾತಷ್ಟೇ. “ಅವಳ ದನಿ ಉಳಿದಿರೋದು ಇದೊಂದರಲ್ಲೇ ತಾಯಿ. ಇದ್ರಲ್ಲೂ ಕಂಬಳಿ ಹೊದ್ಕೊಂಡು ಹಾಡಿದ ಹಾಗಿದೆ. ಭಾನುವಾರ ಬರ್ತಾಳೆ, ಒಂಬತ್ತರ ರೈಲಿಗೆ ಹೊರಟುಬಿಡ್ತಾಳೆ.”

ಸೂಜಿಯ ಜೊತೆ ಬಂದ ಅಳತೆಯ ಚೀಟಿ ಓದಿದಾಗಲೇ ಅಕ್ಕನಿಗೆ ಗೊತ್ತಾಯಿತು. ಸರ್ವೇಯರರ ಹಳೆಯ ಡಬ್ಬಿ ಇಪ್ಪತ್ತು ಪಟ್ಟು ಏರಿಸುವಂಥದ್ದು. “ಜಾಸ್ತಿ ಏರಿಸಿದಷ್ಟೂ ಸೂಜಿ ಮೇಲೆ ಭಾರ. ಪಾಪ, ಉಸಿರು ಕಟ್ಟಿ ಹಾಡ್ತಿದೆ. ಇದಕ್ಕೆ ಹತ್ತು ಪಟ್ಟು ಸಾಕು. ಸದ್ದು ಕಮ್ಮಿ ಅನ್ನಿಸಿದ್ರೆ ವಾಲ್ಯೂಮ್ ತಿರುಗಿಸ್ಕೊಳ್ಳಿ, ಕೈ ಇದೆಯಲ್ಲ.”

ಇವತ್ತು ಭಾನುವಾರ. ಆರು ಗಂಟೆಗೆ ಅಣ್ಣ ತಂಗಿ ಬರುತ್ತಾರೆ. ಹತ್ತು ಪಟ್ಟಿನ ಹೊಸ ಡಬ್ಬಿ ಜೋಡಿಸಿಟ್ಟ ಅಕ್ಕ ಸೂಜಿ ಇಳಿಸುತ್ತಾರೆ. ಹುಡುಗಿಯೊಬ್ಬಳ ದನಿ ಕೋಣೆಯ ನಡುವೆ ಬಂದು ನಿಲ್ಲುತ್ತದೆ. ತಂಗಿ ಸೆರಗು ಹಿಡಿದು ಅಲ್ಲಾಡದೆ ಕೂತಿದ್ದಾರೆ. ಎರಡನೆಯ ಚರಣ ಶುರುವಾಗುತ್ತಲೇ ಥಟ್ಟನೆ ಬೆರಳೆತ್ತಿ ಏನೋ ಪಿಸುಗುಟ್ಟುತ್ತಾರೆ. ಅಕ್ಕ ಅದೇ ಜಾಗವನ್ನು ಮತ್ತೆ ಹಾಕುತ್ತಾರೆ. ಸಾಲಿನ ನಡುವೆ, ನಿಲ್ಲಬಾರದ ಕಡೆ, ಸಣ್ಣದೊಂದು ಉಸಿರು.

“ಇಲ್ಲಿ ಉಸಿರು ಕದ್ದಿದ್ದೆ,” ತಂಗಿಯ ಪಿಸುಮಾತಿನಲ್ಲಿ ನಗು ತುಂಬಿದೆ. “ಸಂಗೀತದ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ರು, ಗೊತ್ತಾಗ್ಲಿಲ್ಲ ಅವರಿಗೆ.”

ಸರ್ವೇಯರು ಕನ್ನಡಕ ಒರೆಸಿಕೊಳ್ಳುತ್ತಾರೆ. “ನಲವತ್ತೈದು ವರ್ಷ ಮುಚ್ಚಿಟ್ಟಿದ್ದೀಯಲ್ಲೇ, ಕಳ್ಳಿ.”

ಈ ಕೆಲಸದಲ್ಲಿ ನಿಮಗೇನು ಬೇಕು ಎಂದು ಕೇಳಿದರೆ ಅಕ್ಕ ಯೋಚಿಸುತ್ತಾರೆ. “ಸದ್ದು ಮಾಡದ ಒಂದು ಫ್ರಿಜ್ಜು.” ಅಷ್ಟರಲ್ಲಿ ಗಿರಣಿ ಗುಡುಗುತ್ತದೆ. ಸ್ವಿಚ್ಚು ಹಾಕಲು ಏಳುತ್ತ, ತಮಗಷ್ಟೇ ಕೇಳುವಂತೆ ಹೇಳಿಕೊಳ್ಳುತ್ತಾರೆ: “ಮೇಷ್ಟ್ರಿಗೆ ಗೊತ್ತಾಗದ್ದು ನನ್ನ ಡಬ್ಬಿಗೆ ಗೊತ್ತಾಯ್ತು.”