ಹಣ್ಣು ಗುತ್ತಿಗೆ, ಮರ ಉಡುಸಲಮ್ಮನದು

ಬ್ರಹ್ಮಸಮುದ್ರದ ಉಡುಸಲಮ್ಮನಿಗೆ ನಮ್ಮ ಕೂಲಿಕಾರರ ಸಂಘ ಇವತ್ತಿಗೂ ಒಂದು ದಿನದ ಕೂಲಿ ಕೊಡಬೇಕು. ಎಂಟು ರೂಪಾಯಿ. ೧೯೮೭ರಲ್ಲಿ ಕಡಲೆಕಾಯಿ ಹೊಲದ ಕಳೆ ಕೀಳುವ ಕೆಲಸ ಬಿಟ್ಟು, ಹಾಡಿನ ಕಾಗದಕ್ಕೆಂದು ಹಿಂದೂಪುರಕ್ಕೆ ಬಂದ ದಿನದ್ದು.

ಕಲ್ಯಾಣದುರ್ಗದಲ್ಲಿ ಕೂಲಿ ಏರಿಸಿ ಎಂದು ನಾವು ಧರಣಿ ಕೂತಾಗಲೆಲ್ಲ ಹಾಡು ಕಟ್ಟುತ್ತಿದ್ದವಳು ಅವಳೇ. ಪದವೂ ಅವಳದು, ಧಾಟಿಯೂ ಅವಳದು. ಅದರಲ್ಲೊಂದು ಹಾಡು ಕೇಳಿದ ಹಿಂದೂಪುರದ ಕ್ಯಾಸೆಟ್ ಅಂಗಡಿಯ ವೆಂಕಟೇಶಪ್ಪ ಮುನ್ನೂರು ರೂಪಾಯಿ ಕೊಡುತ್ತೇನೆಂದ. ಓದು ಬಂದವನೆಂದು ಅವಳು ನನ್ನನ್ನೂ ಕರೆದೊಯ್ದಳು. 'ಹಾಡಿನ ಸಕಲ ಹಕ್ಕುಗಳೂ ಶಾಶ್ವತವಾಗಿ ಅಂಗಡಿಗೆ' ಎಂದಿತ್ತು ಕಾಗದದಲ್ಲಿ. ಓದಿ ಹೇಳಿದೆ. ಹೆಬ್ಬೆಟ್ಟು ಒತ್ತು ಅಂತಲೂ ಅಂದೆ, ದಡ್ಡ ನಾನು.

ಅವಳು ಒತ್ತಲಿಲ್ಲ. "ನಾಳೆ ಮೆರವಣಿಗ್ಯಾಗೆ ನಾವ್ ಹಾಡ್ಬೇಕಂದ್ರೆ?"

"ನನ್ನನ್ನ ಒಂದ್ ಮಾತು ಕೇಳಿದ್ರಾಯ್ತು ಕಣಮ್ಮ," ಅಂದ ವೆಂಕಟೇಶಪ್ಪ.

"ನನ್ ಹಾಡು ಹಾಡಾಕೆ ನಿನ್ನ ಕೇಳ್ಬೇಕಾ? ಬಲೇ ಚೆನ್ನಾಗೈತೆ! ಹುಣಸೆಹಣ್ಣು ಗುತ್ತಿಗೆ ಹಿಡಿದೋನು ಮರಾನೇ ಕಡ್ಕೊಂಡು ಹೋಯ್ತಾನೇನಪ್ಪ? ಎರಡ್ ವರ್ಸದ ಹಣ್ಣು ನಿಂದು. ಮರ ನಂದು. ಗಾಳಿಗೆ ಉದುರಿದ್ದು ಆಯ್ಕೊಂಡೋರ್ದು."

"ಅಯ್ಯಮ್ಮ, ನೀನು ಲಾಯರ್ ಆಗ್ಬೇಕಿತ್ತು!" ಅಂದ ಅವನು.

ಬೇಸಿಗೆ ಬಂದರೆ ಹುಣಸೆ ಉದುರಿಸುವ ಕೂಲಿಗೆ ಹೋಗುವವಳು. ಆ ಗುತ್ತಿಗೆಯ ಕಟ್ಟಳೆಯೆಲ್ಲ ಅವಳಿಗೆ ಬಾಯಿಪಾಠ. ಅವಳು ಹೇಳಿದಂತೆಯೇ ಬೇರೆ ಕಾಗದ ಬರೆದೆ. ಕ್ಯಾಸೆಟ್ ಮಾಡಿ ಮಾರುವ ಹಕ್ಕು ಮಾತ್ರ ಅಂಗಡಿಗೆ, ಎರಡೇ ವರ್ಷ. ರೇಡಿಯೋಗೆ, ಸಿನಿಮಾಕ್ಕೆ, ಪುಸ್ತಕಕ್ಕೆ ಬೇಕಾದರೆ ಒಂದೊಂದಕ್ಕೂ ಅವಳನ್ನೇ ಬೇರೆಯಾಗಿ ಕೇಳಬೇಕು. ಸಭೆ, ಮೆರವಣಿಗೆಯಲ್ಲಿ ಯಾರು ಬೇಕಾದರೂ ಪುಕ್ಕಟೆ ಹಾಡಬಹುದು. ವೆಂಕಟೇಶಪ್ಪ ರುಜು ಹಾಕಿದ, ಆದರೆ ಮುನ್ನೂರು ಇದ್ದದ್ದನ್ನು ನೂರಕ್ಕೆ ಇಳಿಸಿದ. ಅವಳು ಹೆಬ್ಬೆಟ್ಟೊತ್ತಿ, ದುಡ್ಡು ತಗೊಂಡು ಬಸ್ ಹತ್ತಿದಳು.

೧೯೯೨ರಲ್ಲಿ ವೆಂಕಟೇಶಪ್ಪನ ಕ್ಯಾಸೆಟ್‌ಗಳನ್ನೆಲ್ಲ ಕೊಂಡ ಬೇರೊಬ್ಬ ವ್ಯಾಪಾರಿ ಕಲ್ಯಾಣದುರ್ಗದ ನಮ್ಮ ಮೆರವಣಿಗೆಗೇ ಬಂದ. "ಈ ಹಾಡು ಈಗ ನಂದು. ಮೈಕಲ್ಲಿ ಹಾಡಿದ್ರೆ ಕೇಸು ಹಾಕ್ತೀನಿ," ಅಂದ. ಕಾಗದ ತೋರಿಸಿದೆ. ಎರಡು ಸಲ ಓದಿ, ಕಾಗದ ವಾಪಸ್ ಕೊಟ್ಟು ಹೋದ. ನಾನೂರು ಹೆಂಗಸರು ಹಾಡಿದರು. ಆ ವರ್ಷ ಕೂಲಿ ಏರಿತು. ನನ್ನ ಭಾಷಣಕ್ಕೆ ಏರಿದ್ದಲ್ಲ ಅದು. ಅವಳು ಅವತ್ತು ಅಂಗಡಿಯ ಕಾಗದಕ್ಕೆ ಹೆಬ್ಬೆಟ್ಟು ತಡೆದದ್ದಕ್ಕೆ ನಾನು ಸಾಯುವವರೆಗೂ ಋಣಿ.

ಆದರೆ ಮಾರನೇ ವರ್ಷ ನಾವು ಮಾಡಿದ್ದೇನು? ಹಾಡಿನ ಪುಸ್ತಕ ಅಚ್ಚು ಹಾಕಿಸಿದೆವು, ಅವಳನ್ನು ಕೇಳದೆ. ಅವಳ ಹಾಡಿನ ಕೆಳಗೆ 'ಸಂಘದ ಹಾಡು' ಎಂದು ಹಾಕಿದೆವು. ಮೊಮ್ಮಗಳ ಕೈಲಿ ಓದಿಸಿ ನಕ್ಕಳು: "ಅಂಗಡಿಯೋನಾದ್ರೂ ಕೇಳಿ ತಗೊಂಡ. ನೀವು ಕೇಳ್ದೇನೇ ಕಿತ್ಕೊಂಬುಟ್ರಲ್ಲಣ್ಣ!"

ಐನೂರು ಪ್ರತಿ ಹಂಚಿದ್ದೆವು. ನಿಮ್ಮ ಮನೆಯಲ್ಲಿ ಒಂದಿದ್ದರೆ ಹನ್ನೊಂದನೇ ಪುಟ ತೆಗೆಯಿರಿ. 'ಸಂಘದ' ಎಂಬುದನ್ನು ಹೊಡೆದುಹಾಕಿ 'ಉಡುಸಲಮ್ಮನ' ಎಂದು ಬರೆಯಿರಿ. ಇವತ್ತೇ ಬರೆಯಿರಿ.